ನೂರಕ್ಕೆ ಅರವತ್ತು, ಅದೂ ಬೇಗ

ಪರ್ಸೆಂಟಿನ ಕಾಟ ಇಲ್ಲದೆ ನಮ್ಮಲ್ಲಿ ಯಾರೂ ದೊಡ್ಡವರಾಗಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಎಷ್ಟು ಪರ್ಸೆಂಟು ಎಂದು ಮದುವೆಮನೆಯ ಪಂಕ್ತಿಯಲ್ಲಿ ಎಲೆ ದಾಟಿಸಿ ಕೇಳುವ ಬಂಧುಗಳು ಈಗಲೂ ಇದ್ದಾರೆ. ಅದು ಮುಗಿದರೆ ಪಿಯುಸಿ, ಆಮೇಲೆ ತುಟ್ಟಿಭತ್ಯೆ, ಆಮೇಲೆ ಮನೆ ಸಾಲದ ಬಡ್ಡಿ. ಕೊನೆಗೆ ಡಾಕ್ಟರು ಎಕೋ ಮಾಡಿಸಿ, ‘ಹಾರ್ಟ್ ಪಂಪಿಂಗ್ ಇಷ್ಟು ಪರ್ಸೆಂಟ್ ಇದೆ’ ಎಂದು ಹೇಳುವವರೆಗೂ ಅದು ನಮ್ಮ ಬೆನ್ನು ಬಿಡುವುದಿಲ್ಲ. ನಾನಂತೂ ಬ್ಯಾಂಕಿನಲ್ಲಿ ಕೂತು ಕೂದಲು ನರೆಸಿಕೊಂಡವನು. ಕಣ್ಣು ಮುಚ್ಚಿ ಚಕ್ರಬಡ್ಡಿ ಹಾಕಬಲ್ಲೆ. ಇಂಥವನು ಐವತ್ತು ದಾಟಿದ ಮೇಲೆ ಜಿಮ್ಮಿನ ಬೆಂಚಿನ ಮೇಲೆ ಅಂಗಾತ ಬಿದ್ದುಕೊಂಡು ಪರ್ಸೆಂಟನ್ನು ಮೊದಲಿನಿಂದ ಕಲಿಯಬೇಕಾಯಿತು ಎಂದರೆ ನಮ್ಮ ಹಳೆಯ ಮ್ಯಾನೇಜರರು ನಂಬಲಿಕ್ಕಿಲ್ಲ.

ಜಿಮ್ಮಿಗೆ ಸೇರಿದ್ದು ತೋಳು ಬೆಳೆಸಲಿಕ್ಕೇನೂ ಅಲ್ಲ, ತಲೆ ಮರೆಸಿಕೊಳ್ಳಲಿಕ್ಕೆ. ಮೈಸೂರಿನಲ್ಲಿ ಡಾಕ್ಟರು ‘ವಾಕಿಂಗ್ ಮಾಡಿ’ ಎಂದರೆ ಕುಕ್ಕರಹಳ್ಳಿ ಕೆರೆಗೆ ಹೋಗಿ ಎಂದೇ ಅರ್ಥ. ಆದರೆ ಬೆಳಗಿನ ಹೊತ್ತು ಆ ಏರಿಯ ಮೇಲೆ ನಡೆಯುವವರಲ್ಲಿ, ನನ್ನ ಲೆಕ್ಕಕ್ಕೆ, ಮೂರು ಪಂಗಡ: ಸಾಲ ಕೇಳಿದವರು, ಸಾಲ ಸಿಗದವರು, ಸಾಲ ಸಿಕ್ಕ ಮೇಲೆ ನನ್ನನ್ನು ಕಂಡರೆ ಹೆಜ್ಜಾರ್ಲೆ ನೋಡುವ ನೆಪದಲ್ಲಿ ಬೆನ್ನು ತಿರುಗಿಸುವವರು. ಕೊನೆಯವರಿಂದ ತೊಂದರೆಯಿಲ್ಲ. ಉಳಿದವರ ಜೊತೆ ನಡೆದರೆ ರಕ್ತದೊತ್ತಡ ಇಳಿಯುವುದಿರಲಿ, ಏರುತ್ತಿತ್ತು. ಹಾಗಾಗಿ ಪಕ್ಕದ ಬೀದಿಯ ಜಿಮ್ಮು. ಮಲಗಿಕೊಂಡೇ ಮಾಡುವ ಕಸರತ್ತು ಒಂದಿದೆ ಎಂದು ಗೊತ್ತಾದದ್ದು ಅಲ್ಲಿ. ಶವಾಸನ ನನಗೆ ಹುಟ್ಟಿನಿಂದಲೇ ಸಿದ್ಧಿಸಿದೆ, ಇದೂ ಅದರ ಆಸುಪಾಸಿನದೇ ಇರಬೇಕೆಂದುಕೊಂಡೆ.

ಮಲಗಿ ಮಾಡುವುದೆಂದು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಪವರ್‌ಲಿಫ್ಟಿಂಗ್ ಎಂದರೆ ಮೂರು ಎತ್ತು: ಭಾರ ಹೆಗಲಿಗಿಟ್ಟು ಕೂತೇಳುವ ಸ್ಕ್ವಾಟ್, ಮಲಗಿ ಎದೆಯಿಂದ ಮೇಲಕ್ಕೆ ನೂಕುವ ಬೆಂಚ್ ಪ್ರೆಸ್, ನೆಲದಿಂದ ಎತ್ತಿ ನಿಲ್ಲುವ ಡೆಡ್‌ಲಿಫ್ಟ್. ಇದಕ್ಕೊಂದು ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿದ್ದು 1972ರಲ್ಲಿ. ಪ್ಯಾರಾಲಿಂಪಿಕ್ಸ್‌ನಲ್ಲಾದರೋ ಪವರ್‌ಲಿಫ್ಟಿಂಗ್ ಎಂದರೆ ಬೆಂಚ್ ಪ್ರೆಸ್ ಒಂದೇ. 2004ರಲ್ಲಿ ಅಥೆನ್ಸಿನಿಂದ ರಾಜಿಂದರ್ ಸಿಂಗ್ ರಹೇಲು ಕಂಚು ತಂದದ್ದು, 2022ರಲ್ಲಿ ಬರ್ಮಿಂಗ್‌ಹ್ಯಾಮಿನ ಕಾಮನ್‌ವೆಲ್ತ್ ಕೂಟದಲ್ಲಿ ಸುಧೀರ್ ಚಿನ್ನ ಗೆದ್ದದ್ದು ಇದರಲ್ಲೇ. ನಮ್ಮ ಬೆಂಗಳೂರಿನ ಫರ್ಮಾನ್ ಬಾಷಾ ಪ್ಯಾರಾಲಿಂಪಿಕ್ಸ್‌ಗೆ ಹೋದದ್ದೂ ಇದಕ್ಕೇ. ಐವತ್ತರಿಂದ ಐವತ್ತೊಂಬತ್ತರ ವಯಸ್ಸಿನವರಿಗೆ ಸ್ಪರ್ಧೆಯಲ್ಲಿ ಪ್ರತ್ಯೇಕ ವರ್ಗವಿದೆ, ‘ಮಾಸ್ಟರ್ಸ್ ಎರಡು’ ಎಂದು ಅದರ ಹೆಸರು. ಮನೆಯಲ್ಲಿ ನಾನು ಈ ಸಂಗತಿ ತಿಳಿಸಿದಾಗ ನನ್ನಾಕೆ, ‘ಯಾವ ವಿಷಯದಲ್ಲಿ ರೀ ಮಾಸ್ಟರು?’ ಎಂದಳು. ಆ ಪ್ರಶ್ನೆ ಇನ್ನೂ ಪರಿಶೀಲನೆಯಲ್ಲಿದೆ.

ನಮ್ಮ ಕೋಚ್ ಕುಂದಾಪುರದ ಕಡೆಯ ಹುಡುಗ. ಕಾಮನ್‌ವೆಲ್ತ್ ಕೂಟಗಳಲ್ಲಿ 2018ರಲ್ಲಿ ಬೆಳ್ಳಿ, 2022ರಲ್ಲಿ ಕಂಚು ಗೆದ್ದ ವೇಟ್‌ಲಿಫ್ಟರ್ ಗುರುರಾಜ ಪೂಜಾರಿ ತನ್ನ ಊರಿನ ಕಡೆಯವರು ಎಂಬುದನ್ನು ಅವನು ಹೊಸದಾಗಿ ಸೇರಿದ ಎಲ್ಲರಿಗೂ ಶುಲ್ಕದ ರಸೀದಿಯ ಜೊತೆಗೇ ತಿಳಿಸುತ್ತಾನೆ. ಸ್ವಲ್ಪ ದಿನ ನನ್ನನ್ನು ಬರಿಯ ರಾಡಿನೊಂದಿಗೆ ಬಿಟ್ಟು, ಒಂದು ದಿನ ಪೆನ್ನು ನೋಟ್‌ಬುಕ್ಕು ಹಿಡಿದು ಬಂದ. ‘ಹ್ವಾಯ್ ಸರ್, ನಿಮ್ ಮ್ಯಾಕ್ಸ್ ಎಷ್ಟ್? ಇನ್ಮೇಲೆ ಎಲ್ಲ ಪರ್ಸೆಂಟಲ್ಲೇ.’

ಮ್ಯಾಕ್ಸ್ ಎಂದರೆ ಒಂದೇ ಒಂದು ಸಲ ಎತ್ತಬಲ್ಲ ಅತಿ ಹೆಚ್ಚಿನ ಭಾರ. ಅದೇ ನೂರು. ಮುಂದಿನ ವಾರಗಳಲ್ಲಿ ಇಂದು ನೂರಕ್ಕೆ ಎಪ್ಪತ್ತು, ಗುರುವಾರ ಎಂಬತ್ತೈದು ಎಂದು ಅದರ ಮೇಲೆ ಲೆಕ್ಕ. ಎತ್ತಿಯೇ ತಿಳಿಯಬೇಕಿಲ್ಲ, ಸೂತ್ರವೂ ಇದೆ. ಎತ್ತಿದ ಭಾರವನ್ನು ಎಷ್ಟು ಸಲ ಎತ್ತಿದಿರೋ ಅದರ ಮೂವತ್ತನೆಯ ಒಂದು ಪಾಲಿನಷ್ಟು ಹಿಗ್ಗಿಸಿದರೆ ಮ್ಯಾಕ್ಸ್ ಸಿಗುತ್ತದೆ ಎಂದು ಎಪ್ಲಿ ಎಂಬವರ ಸೂತ್ರ. ನಾನು 60 ಕಿಲೋ ಹತ್ತು ಸಲ ಎತ್ತುತ್ತಿದ್ದೆ. ಹತ್ತು ಭಾಗಿಸು ಮೂವತ್ತು, ಮೂರನೆಯ ಒಂದು, ಅರವತ್ತಕ್ಕೆ ಇಪ್ಪತ್ತು ಸೇರಿಸು: 80 ಕಿಲೋ! ಬೆವರು ಹರಿಸದೆ, ಪೆನ್ನಿನ ತುದಿಯಲ್ಲಿ ಇಪ್ಪತ್ತು ಕಿಲೋ ಶಕ್ತಿ ಬಂದ ಸಂತೋಷಕ್ಕೆ ಮನೆಗೆ ಹೋಗುವಾಗ ಮೈಸೂರು ಪಾಕು ಕಟ್ಟಿಸಿಕೊಂಡು ಹೋದೆ.

ಕೋಚ್ ಮಾತ್ರ, ‘ಅದ್ ಕಾಗದದ್ ಎಂಬತ್ತು ಸರ್’ ಎಂದ. ಸ್ಪರ್ಧೆಯ ಕಾನೂನಿನಲ್ಲಿ ರಾಡನ್ನು ಎದೆಗೆ ತಂದು ಅಲುಗಾಡದೆ ನಿಲ್ಲಿಸಬೇಕು. ರೆಫರಿ ‘ಪ್ರೆಸ್’ ಎಂದ ಮೇಲೆ ನೂಕಬೇಕು, ‘ರ‍್ಯಾಕ್’ ಎಂದ ಮೇಲೆ ಸ್ಟ್ಯಾಂಡಿಗೆ ಇಡಬೇಕು. ತಲೆ, ಭುಜ, ಅಂಡು ಬೆಂಚಿನಿಂದ ಏಳಕೂಡದು, ಪಾದ ಪೂರ್ತಿ ನೆಲದ ಮೇಲಿರಬೇಕು. ನಮ್ಮ ಜಿಮ್ಮುಗಳಲ್ಲಿ ನಡೆಯುವುದು ಬೇರೆಯೇ. ರಾಡು ಎದೆಗೆ ಬಡಿದು ಪುಟಿಯುತ್ತದೆ, ಸೊಂಟ ಆಕಾಶಕ್ಕೆ ಏಳುತ್ತದೆ, ‘ಸಪೋರ್ಟ್’ ಕೊಡಲು ಹಿಂದೆ ನಿಂತವನು ‘ಎಲ್ಲಾ ನಿಂದೇ, ನಿಂದೇ’ ಎಂದು ಕೂಗುತ್ತ ಅರ್ಧ ಭಾರ ತಾನೇ ಎತ್ತುತ್ತಾನೆ. ಹಾಗೆ ಎತ್ತಿದ್ದನ್ನು ಇಬ್ಬರೂ ತಮ್ಮ ತಮ್ಮ ಖಾತೆಗೆ ಜಮಾ ಮಾಡಿಕೊಳ್ಳುತ್ತಾರೆ. ಕೋಚ್ ‘ಪ್ರೆಸ್’ ಎನ್ನುವವರೆಗೆ ಕಾದು, ಸೊಂಟ ಊರಿ, ಯಾರ ಬೆರಳೂ ತಾಗದೆ ಎತ್ತಿದಾಗ ನನ್ನ ನೂರು ಎಷ್ಟಾಯಿತೆಂದರೆ 72.5. ಮೈಸೂರು ಪಾಕು ಅಷ್ಟರಲ್ಲಿ ತಿಂದಾಗಿತ್ತು.

ನನಗೆ ಕೋಪ ಬರಲಿಲ್ಲ, ಬ್ಯಾಂಕಿನ ಚಿನ್ನದ ಸಾಲದ ಕೌಂಟರು ನೆನಪಾಯಿತು. ಅಜ್ಜಿಯ ಕಾಲದ ಅಡ್ಡಿಕೆ ತಂದು ಮೇಜಿನ ಮೇಲಿಡುವವರ ಮನಸ್ಸಿನಲ್ಲಿ ಅದಕ್ಕೊಂದು ಬೆಲೆ ಇರುತ್ತದೆ. ನಮ್ಮ ಅಪ್ರೈಸರು ಅದನ್ನು ಒರೆಗೆ ಹಚ್ಚಿ, ಕಲ್ಲು ಅರಗಿನ ತೂಕ ಕಳೆದು ನಿವ್ವಳ ಹೇಳುತ್ತಾರೆ. ಸಾಲ ಕೊಡುವುದು ಆ ನಿವ್ವಳದ ಪೂರ್ತಿ ಬೆಲೆಗೂ ಅಲ್ಲ, ಅದರಲ್ಲೂ ಮಾರ್ಜಿನ್ ಬಿಟ್ಟು. ಜಿಮ್ ವೆಂಡ್ಲರ್ ಎಂಬ ಅಮೆರಿಕದ ಲಿಫ್ಟರ್ ಬರೆದ ಜನಪ್ರಿಯ ಪದ್ಧತಿಯಲ್ಲೂ ಹಾಗೇ ಇದೆ. ನಿಜವಾದ ಮ್ಯಾಕ್ಸಿನ ಶೇ. 90ನ್ನೇ ನೂರು ಎಂದು ಇಟ್ಟುಕೊಂಡು ಅದರ ಮೇಲೆ ಲೆಕ್ಕ ಹಾಕಬೇಕು. ನನಗೆ ಅದು 65 ಕಿಲೋ ಚಿಲ್ಲರೆ. ಎಂಬತ್ತರಿಂದ ಅರವತ್ತೈದಕ್ಕೆ ಇಳಿದ ಮೇಲೆ ಆಶ್ಚರ್ಯವೆಂಬಂತೆ ಭುಜದ ನೋವು ಹೋಯಿತು.

ಈ ಪರ್ಸೆಂಟಿನ ಪುರಾಣದ ದೊಡ್ಡ ಭಾಗ ಸೋವಿಯತ್ ಒಕ್ಕೂಟದ್ದು. ಅಲ್ಲಿನ ತರಬೇತುದಾರ ಪ್ರಿಲೆಪಿನ್ ಅವರ ಹೆಸರಿನಲ್ಲಿ ಒಂದು ಕೋಷ್ಟಕ ಓಡಾಡುತ್ತದೆ. ಶೇ. 70ರಿಂದ 80ರ ಭಾರವಾದರೆ ಒಂದು ಸೆಟ್ಟಿಗೆ ಮೂರರಿಂದ ಆರು ಸಲ, ಒಟ್ಟು 18 ಸಲ ಎತ್ತಿದರೆ ಚೆನ್ನು. 90 ದಾಟಿದರೆ ಸೆಟ್ಟಿಗೆ ಒಂದೋ ಎರಡೋ, ಒಟ್ಟು 7 ಸಾಕು. ನೋಡಲು ಬಲು ಅಚ್ಚುಕಟ್ಟು. ಆದರೆ ಅದು ಹುಟ್ಟಿದ್ದು ಭಾರವನ್ನು ತಲೆಯ ಮೇಲಕ್ಕೆ ಎತ್ತುವ ವೇಟ್‌ಲಿಫ್ಟರುಗಳ ಅನುಭವದಿಂದ. ನಾವು ಮಲಗಿಕೊಂಡವರು ಅದನ್ನು ಕಡ ತಂದುಕೊಂಡಿದ್ದೇವೆ. ಕಡ ತಂದ ವಸ್ತುವನ್ನು ಹೇಗೆ ಬಳಸಬೇಕೋ ಹಾಗೆ, ಸ್ವಲ್ಪ ಸಂಕೋಚದಿಂದಲೇ ಬಳಸಬೇಕು.

ಹೀಗೆ ಕಡ ತಂದವರಲ್ಲಿ ಹೆಸರಾದವರು ಲೂಯಿ ಸಿಮನ್ಸ್. ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್ ಊರಿನಲ್ಲಿ ವೆಸ್ಟ್‌ಸೈಡ್ ಬಾರ್ಬೆಲ್ ಎಂಬ ಜಿಮ್ಮು ನಡೆಸುತ್ತಿದ್ದರು, 2022ರಲ್ಲಿ ತೀರಿಕೊಂಡರು. ದುಡ್ಡು ಕೊಟ್ಟರೆ ಸೇರಿಸಿಕೊಳ್ಳುವ ಜಿಮ್ಮಲ್ಲ ಅದು, ಕರೆದರೆ ಮಾತ್ರ ಪ್ರವೇಶ. ಸಿಮನ್ಸ್ ರಷ್ಯನ್ ತರಬೇತಿ ಪುಸ್ತಕಗಳ ಅನುವಾದಗಳನ್ನು ಗೀಳು ಹಿಡಿದಂತೆ ಓದಿದವರು. ವಾರದಲ್ಲಿ ಒಂದು ದಿನ ಕೈಲಾದಷ್ಟೂ ಭಾರ, ಅದಾಗಿ 72 ಗಂಟೆ ಬಿಟ್ಟು ಇನ್ನೊಂದು ದಿನ ಹಗುರ ಭಾರವನ್ನು ಕೈಲಾದಷ್ಟೂ ಬೇಗ. ಈ ಎರಡನೆಯದೇ ಸ್ಪೀಡ್ ವರ್ಕ್. ಬೆಂಚಿಗೆ ಮ್ಯಾಕ್ಸಿನ ಅರ್ಧದಿಂದ ಶೇ. 60ರವರೆಗೆ ಭಾರ, ಒಂಬತ್ತು ಸೆಟ್ಟು, ಸೆಟ್ಟಿಗೆ ಮೂರೇ ಸಲ. ನಡುವೆ ಒಂದು ನಿಮಿಷದ ವಿರಾಮ, ಮೂರು ಸೆಟ್ಟಿಗೊಮ್ಮೆ ಕೈ ಹಿಡಿತದ ಅಗಲ ಬದಲು.

ಹಗುರದ್ದನ್ನು ಬೇಗ ಎತ್ತುವುದರಲ್ಲೇನು ದೊಡ್ಡಸ್ತಿಕೆ ಎಂದು ನಾನೂ ಕೇಳಿದೆ. ಕೋಚು ಹೈಸ್ಕೂಲಿನ ನ್ಯೂಟನ್ನನನ್ನು ಕರೆತಂದ: ಬಲವೆಂದರೆ ದ್ರವ್ಯರಾಶಿ ಗುಣಿಸು ವೇಗೋತ್ಕರ್ಷ. ಭಾರ ಕಡಿಮೆಯಿದ್ದರೂ ಅದನ್ನು ಜೋರಾಗಿ ದೂಡಿದರೆ ಸ್ನಾಯು ಹಾಕುವ ಬಲ ದೊಡ್ಡದೇ. ಜೊತೆಗೆ ನರಗಳು ಒಟ್ಟಿಗೇ ಎದ್ದು ಕೆಲಸಕ್ಕೆ ಬರುವುದನ್ನು ಕಲಿಯುತ್ತವೆ, ಮೈ ದಣಿಯದೆ ವರಸೆ ತಿದ್ದಿಕೊಳ್ಳಲು ಒಂಬತ್ತು ಬಾರಿ ಅವಕಾಶ ಸಿಗುತ್ತದೆ. ಭಾರ ಹೆಚ್ಚಿದಷ್ಟೂ ಸ್ನಾಯು ಕುಗ್ಗುವ ವೇಗ ಇಳಿಯುತ್ತದೆ ಎಂಬ ಸಮೀಕರಣವನ್ನು ಎ.ವಿ. ಹಿಲ್ 1938ರಲ್ಲಿ ಕೊಟ್ಟರು, ಕಪ್ಪೆಯ ಸ್ನಾಯು ಇಟ್ಟುಕೊಂಡು. ಕಪ್ಪೆಗೂ ನನಗೂ ಒಂದೇ ಕಾನೂನು ಎಂದು ತಿಳಿದು ಸಮಾಧಾನವಾಯಿತು. ಬ್ಯಾಂಕಿನಲ್ಲಿ ಅಷ್ಟು ಸಮಾನತೆ ಇರಲಿಲ್ಲ.

72.5ರಲ್ಲಿ ಶೇ. 55 ಎಂದರೆ ಹತ್ತಿರ ಹತ್ತಿರ 40 ಕಿಲೋ. ಇಪ್ಪತ್ತರ ರಾಡಿಗೆ ಆ ಕಡೆ ಹತ್ತು, ಈ ಕಡೆ ಹತ್ತು, ಸರಾಗ. ಶೇ. 60 ಎಂದರೆ 43.5, ಇಲ್ಲಿಂದ ಕಷ್ಟ ಶುರು. ಅದಕ್ಕೆ ಹತ್ತಿರವಾದ 42.5ಕ್ಕೆ ಒಂದೂಕಾಲು ಕಿಲೋದ ಪ್ಲೇಟು ಜೋಡಿ ಬೇಕು. ನಮ್ಮ ಜಿಮ್ಮಿನಲ್ಲಿ ಅದರಲ್ಲೊಂದು ಕಾಣೆಯಾಗಿ, ಕೊನೆಗೆ ಬಚ್ಚಲಮನೆಯ ಬಾಗಿಲು ಹೊಡೆದುಕೊಳ್ಳದಂತೆ ಅಡ್ಡ ಇಟ್ಟದ್ದು ಪತ್ತೆಯಾಯಿತು. ಅಷ್ಟೆಲ್ಲ ಸಿದ್ಧವಾಗಿ, ಹಲ್ಲು ಕಚ್ಚಿ, ಮಿಂಚಿನಂತೆ ಎತ್ತಿದೆ ಎಂದೇ ನಾನು ತಿಳಿದದ್ದು. ಕೋಚು ಫೋನಿನಲ್ಲಿ ಹಿಡಿದ ವೀಡಿಯೊ ತೋರಿಸಿದ.

‘ಸ್ಲೋ ಮೋಷನ್‌ನಲ್ಲಿ ಯಾಕಪ್ಪಾ ಹಿಡಿದೆ?’ ಎಂದೆ.

‘ಇಲ್ಲ ಸರ್, ಅದ್ ನಿಮ್ದೇ ಸ್ಪೀಡ್.’

ಹಗುರ ಭಾರಕ್ಕೆ ಇನ್ನೊಂದು ತಕರಾರಿದೆ. ಜೋರಾಗಿ ದೂಡಿದ ರಾಡು ಕೈ ನೀಳವಾಗುವ ಮೊದಲೇ ಹಾರಿಹೋಗಲು ನೋಡುತ್ತದೆ, ಹಾಗಾಗಿ ಮೇಲಿನ ಅರ್ಧದಲ್ಲಿ ನಮಗೆ ಗೊತ್ತಿಲ್ಲದೆ ನಾವೇ ಬ್ರೇಕು ಹಾಕುತ್ತೇವೆ. ಅದಕ್ಕೆ ಸಿಮನ್ಸ್ ಕಡೆಯವರ ಮದ್ದು ಸರಪಳಿ. ರಾಡಿನ ಎರಡೂ ತುದಿಗೆ ಕಬ್ಬಿಣದ ಸರಪಳಿ ಇಳಿಬಿಟ್ಟರೆ, ರಾಡು ಎದೆಗೆ ಬಂದಾಗ ಅದು ನೆಲದ ಮೇಲೆ ಗುಡ್ಡೆ ಬಿದ್ದು ಭಾರ ಇಳಿಯುತ್ತದೆ. ಮೇಲೇರಿದಂತೆ ಕೊಂಡಿ ಕೊಂಡಿಯಾಗಿ ನೆಲ ಬಿಟ್ಟು ಭಾರ ಏರುತ್ತದೆ. ಬ್ರೇಕು ಹಾಕಲು ಬಿಡುವೇ ಇಲ್ಲ.

ಈ ಉಪಾಯಕ್ಕೆ ಮರುಳಾಗಿ ನಾನು ದೇವರಾಜ ಮಾರುಕಟ್ಟೆಯ ಆಚೆಗಿನ ಒಂದು ಕಬ್ಬಿಣದಂಗಡಿಗೆ ಹೋದೆ. ‘ಸರಪಳಿ ಕೊಡಿ’ ಎಂದೆ. ಅಂಗಡಿಯವರು ತಲೆಯೆತ್ತದೆ, ‘ಎಮ್ಮೆಗೋ, ಉಯ್ಯಾಲೆಗೋ?’ ಎಂದರು.

‘ನನಗೆ.’

ಅವರು ತಲೆಯೆತ್ತಿದರು. ‘ಸ್ವಂತಕ್ಕಾ ಸಾರ್?’

ಎದೆಯ ಮೇಲೆ ರಾಡಿಟ್ಟು ತುದಿಗೆ ಸರಪಳಿ ನೇತುಹಾಕುವ ವಿಧಾನವನ್ನು ಗಲ್ಲಾದ ಮುಂದೆ ನಿಂತು ಅಭಿನಯಿಸಿ ತೋರಿಸಿದೆ. ಹಿಂದೆ ಮೊಳೆ ಕೊಳ್ಳಲು ಬಂದಿದ್ದ ಯಜಮಾನರೊಬ್ಬರು ಮರುಕದಿಂದ ನೋಡಿದರು. ಅಂಗಡಿಯವರು ಕೊಟ್ಟದ್ದು ಉಯ್ಯಾಲೆಯ ಸರಪಳಿ. ನಿಜಕ್ಕೂ ಬೇಕಾದದ್ದು ಬೆರಳು ಗಾತ್ರದ್ದು, ಐದಡಿ ತುಂಡು ಸುಮಾರು ಒಂಬತ್ತು ಕಿಲೋ ತೂಗುವಂಥದ್ದು. ನಾನು ತಂದದ್ದು ರಾಡಿಗೆ ಹಾಕಿದರೆ ಗಲಗಲ ಸದ್ದು ಬಂತೇ ಹೊರತು ತೂಕ ಬರಲಿಲ್ಲ. ನನ್ನಾಕೆ ಅದನ್ನು ಕಂಡು, ‘ಅಂತೂ ಉಯ್ಯಾಲೆ ಹಾಕಿಸ್ತೀರಲ್ಲ, ಮದುವೆ ಆದಾಗಿನಿಂದ ಹೇಳ್ತಾ ಇದ್ದೆ’ ಎಂದಳು. ಹಾಕಿಸದೆ ಗತಿಯಿರಲಿಲ್ಲ. ಹಲಗೆಗೆ, ಕೊಕ್ಕೆಗೆ, ಬಡಗಿಗೆ ಆದ ಖರ್ಚಿನಲ್ಲಿ ಒಳ್ಳೆಯ ಸರಪಳಿ ಎರಡು ಜೊತೆ ಬರುತ್ತಿತ್ತು.

ಹಾಗೆ ನೋಡಿದರೆ ನನ್ನಂಥವನಿಗೆ ಸರಪಳಿ ಇಲ್ಲದಿದ್ದರೂ ನಷ್ಟವಿಲ್ಲ. ಸಿಮನ್ಸ್ ಅವರ ಲಿಫ್ಟರುಗಳು ತೊಡುತ್ತಿದ್ದುದು ಬೆಂಚ್ ಶರ್ಟ್ ಎಂಬ ಬಿಗಿ ಅಂಗಿ. ಕೈ ಕೆಳಗಿಳಿಸಲೂ ಕಷ್ಟ ಅನ್ನುವಷ್ಟು ಬಿಗಿ. ಅದು ಎದೆಯ ಹತ್ತಿರ ಭಾರವನ್ನು ತಾನೇ ಚಿಮ್ಮಿಸಿ ಕೊಡುತ್ತದೆ, ಕಷ್ಟವಿರುವುದು ಮೇಲ್ಭಾಗದಲ್ಲಿ. ಬನಿಯನ್ ತೊಟ್ಟು ಎತ್ತುವ ನಾವು ಸಿಕ್ಕಿಬೀಳುವುದು ಎದೆಯಿಂದ ಸ್ವಲ್ಪವೇ ಮೇಲೆ. ಅವರ ಔಷಧ ನಮ್ಮ ರೋಗಕ್ಕೆ ಅಷ್ಟಾಗಿ ತಾಗುವುದಿಲ್ಲ. ಅರ್ಧ ಭಾರದ ಸ್ಪೀಡ್ ವರ್ಕಿನಿಂದ ಅಂಗಿಯಿಲ್ಲದವರಿಗೆ ಎಷ್ಟು ಲಾಭ ಎಂಬ ಬಗ್ಗೆ ಲಿಫ್ಟರುಗಳಲ್ಲೇ ಜಗಳವಿದೆ. ಅಂಥವರು ಭಾರವನ್ನು ಎಪ್ಪತ್ತು ಎಂಬತ್ತರ ಹತ್ತಿರ ಇಟ್ಟುಕೊಂಡು, ಪ್ರತಿ ಸಲವೂ ಆದಷ್ಟು ಜೋರಾಗಿ ದೂಡುವುದು ಮೇಲು ಎಂಬ ಪಕ್ಷ ನನ್ನದು.

ಇಷ್ಟಾದರೂ ನಾನು ವೇಗದ ಬಗ್ಗೆ ಭಕ್ತಿ ಇಟ್ಟುಕೊಂಡಿರುವುದಕ್ಕೆ ಬೇರೆ ಕಾರಣವಿದೆ, ಅದು ಬ್ಯಾಂಕಿನವನ ಕಾರಣ. ಪರ್ಸೆಂಟಿನ ಲೆಕ್ಕದಲ್ಲಿ ನೂರು ಎಂಬುದು ಯಾವತ್ತೋ ಬರೆದಿಟ್ಟ ಅಂಕಿ. ಹಿಂದಿನ ರಾತ್ರಿ ಸೊಸೆಯ ಸೀಮಂತದ ಊಟ, ನಿದ್ದೆಗೇಡು, ಮೂಗು ಕಟ್ಟಿದ್ದು ಯಾವುದೂ ನೋಟ್‌ಬುಕ್ಕಿಗೆ ಗೊತ್ತಿಲ್ಲ. ಅದು ‘ಶೇ. 85’ ಎನ್ನುತ್ತದೆ, ಆ ಬೆಳಗಿನ ಮೈಗೆ ಅದೇ ನೂರು. ಸ್ಪೇನಿನ ಗೊನ್ಸಾಲೆಸ್-ಬದಿಯೊ ಮತ್ತು ಸಾಂಚೆಸ್-ಮೆದಿನಾ ಎಂಬ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆರವಿಗೆ ಬರುತ್ತದೆ. 120 ಯುವಕರನ್ನು ಬೆಂಚಿನ ಮೇಲೆ ಮಲಗಿಸಿ ರಾಡಿನ ವೇಗ ಅಳೆದರು. ಮ್ಯಾಕ್ಸ್ ಎತ್ತುವಾಗ ರಾಡು ಸೆಕೆಂಡಿಗೆ ಸುಮಾರು 16 ಸೆಂಟಿಮೀಟರ್ ಏರುತ್ತದೆ, ಶೇ. 60ರಲ್ಲಿ ಸುಮಾರು 80. ಕೆಲವರನ್ನು ಆರು ವಾರ ತರಬೇತಿಯ ಮೇಲೆ ಮತ್ತೆ ಅಳೆದಾಗ ಮ್ಯಾಕ್ಸ್ ಹೆಚ್ಚಿತ್ತು, ಆದರೆ ಪರ್ಸೆಂಟಿಗೂ ವೇಗಕ್ಕೂ ಇದ್ದ ನಂಟು ಹೆಚ್ಚುಕಡಿಮೆ ಹಾಗೇ ಇತ್ತು.

ಅಂದರೆ ಏನಾಯಿತು? ಗೊತ್ತಿರುವ ಭಾರ ಇಂದು ಎಷ್ಟು ಬೇಗ ಏರಿತು ಎಂದು ನೋಡಿದರೆ, ಇಂದಿನ ನೂರು ಎಷ್ಟೆಂದು ಅದೇ ಹೇಳುತ್ತದೆ. ನನ್ನ ಎದೆಯಿಂದ ಕೈ ನೀಳವಾಗುವವರೆಗೆ ರಾಡಿನ ದಾರಿ ಸುಮಾರು 40 ಸೆಂಟಿಮೀಟರು. ಶೇ. 60ರ ಭಾರಕ್ಕೆ ಅರ್ಧ ಸೆಕೆಂಡು ಸಾಕು, ಮ್ಯಾಕ್ಸಿಗೆ ಎರಡೂವರೆ. ಇದನ್ನು ಅಳೆಯುವ ಯಂತ್ರಗಳಿವೆ, ಬೆಲೆ ಕೇಳಿ ಸುಮ್ಮನಾದೆ. ಮೊಮ್ಮಗ ಫೋನಿನ ವೀಡಿಯೊವನ್ನು ಒಂದೊಂದೇ ಚಿತ್ರವಾಗಿ ಸರಿಸಿ ಎಣಿಸುವುದು ಹೇಗೆಂದು ತೋರಿಸಿಕೊಟ್ಟ. ಸೆಕೆಂಡಿಗೆ ಮೂವತ್ತು ಚಿತ್ರವಾದರೆ ಅರ್ಧ ಸೆಕೆಂಡಿಗೆ ಹದಿನೈದು. ಅದೇ ಭಾರ ಒಂದು ದಿನ ಇಪ್ಪತ್ತೆರಡು ಚಿತ್ರ ತೆಗೆದುಕೊಂಡರೆ, ಆವತ್ತು ಭಾರದ ಸೆಟ್ಟು ಬಿಟ್ಟು ಬೇಗ ಮನೆಗೆ ಬರುತ್ತೇನೆ. ನೋಟ್‌ಬುಕ್ಕು ಹಳೆಯ ಪಾಸ್‌ಬುಕ್ಕು, ವೇಗ ಇವತ್ತಿನ ಬಾಕಿ. ನನಗೆ ಎರಡನೆಯದರ ಮೇಲೆ ಹೆಚ್ಚು ನಂಬಿಕೆ.

ಗರಡಿಮನೆಯಲ್ಲಿ ಇದ್ಯಾವುದೂ ಇರಲಿಲ್ಲವಲ್ಲ ಎಂದು ನಮ್ಮ ಬೀದಿಯ ಹಿರಿಯರೊಬ್ಬರು ಕೆಣಕುತ್ತಾರೆ. ಪ್ರಾಯದಲ್ಲಿ ದೊಡ್ಡಕೆರೆ ಮೈದಾನದ ದಸರಾ ಕುಸ್ತಿಯನ್ನು ಒಂದೂ ಬಿಡದೆ ನೋಡಿದವರು. ‘ಸಂಗ್ರಾಣಿ ಕಲ್ಲಿಗೆ ಎಂಥ ಪರ್ಸೆಂಟಯ್ಯಾ? ಎದ್ದರೆ ಎದ್ದಿತು, ಇಲ್ಲದಿದ್ದರೆ ಇಲ್ಲ’ ಎನ್ನುತ್ತಾರೆ. ನಿಜ, ಕಲ್ಲಿನಲ್ಲಿ ಪ್ಲೇಟು ಬಿಚ್ಚಲಾಗುವುದಿಲ್ಲ. ಆದರೆ ಉಸ್ತಾದರು ಹುಡುಗನ ದಂಡ ಬಸ್ಕಿಯ ಓಟ ನೋಡಿಯೇ, ಇವತ್ತು ಇವನನ್ನು ಅಖಾಡಕ್ಕೆ ಬಿಡಬೇಕೋ ಬೇಡವೋ ಎಂದು ನಿರ್ಧರಿಸುತ್ತಿದ್ದರು ಎಂದೂ ಅವರೇ ಹೇಳುತ್ತಾರೆ. ಸ್ಪೇನಿನವರು ಯಂತ್ರವಿಟ್ಟು ನೋಡಿದ್ದನ್ನು ಉಸ್ತಾದರು ಕಣ್ಣಿನಲ್ಲಿ ನೋಡಿದ್ದರು ಎಂದು ನಾನು ವಾದ ಮುಂದುವರಿಸಬಹುದಿತ್ತು. ಆದರೆ ಅವರು ಅಷ್ಟರಲ್ಲಿ ಉಯ್ಯಾಲೆಯಲ್ಲಿ ಕೂತು ಕಾಫಿ ಕೇಳಿದ್ದರು.

ಇದನ್ನೆಲ್ಲ ಓದಿ ನಾಳೆಯೇ ಜಿಮ್ಮಿಗೆ ಹೊರಡುವವರಿಗೆ ಒಂದು ಮಾತು. ಮೊದಲ ವರ್ಷದವರಿಗೆ ಸ್ಪೀಡ್ ವರ್ಕೂ ಬೇಡ, ಸರಪಳಿಯೂ ಬೇಡ. ತಿದ್ದಿದ ವರಸೆಯಲ್ಲಿ ಎತ್ತುತ್ತಾ ಹೋದರೆ ಭಾರ ತಾನೇ ಏರುತ್ತದೆ. ಪರ್ಸೆಂಟು ಹಾಕುವವರು ಎದೆಯ ಮೇಲೆ ನಿಲ್ಲಿಸಿ ಎತ್ತಿದ ಭಾರದ ಮೇಲೇ ಹಾಕಿ, ಸೂತ್ರದ ಮೇಲೆ ಬೇಡ. ಹೆಬ್ಬೆರಳನ್ನು ರಾಡಿನ ಸುತ್ತ ಹಾಕಿ ಹಿಡಿಯಿರಿ. ಎಷ್ಟೇ ಹಗುರವಿರಲಿ, ಸಪೋರ್ಟಿಗೆ ಒಬ್ಬರನ್ನು ಹಿಂದೆ ನಿಲ್ಲಿಸಿಕೊಳ್ಳದೆ ಬೆಂಚಿನ ಮೇಲೆ ಮಲಗಬೇಡಿ, ಮತ್ತು ಅವರು ‘ಎಲ್ಲಾ ನಿಂದೇ’ ಎಂದರೆ ಆ ಸಲದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ.